ತಾಳ್ಮೆಯೂ ಹೊರೆಯೂ

ತಾಳ್ಮೆಯನ್ನು ಹೊಗಳದ ಮತವಿಲ್ಲ, ಅದನ್ನು ಉಪದೇಶಿಸದ ಹಿರಿಯರಿಲ್ಲ. ಸಹನೆಯುಳ್ಳವನು ಮನೆಯಲ್ಲಿ ಮಾನ್ಯನು, ಸಭೆಯಲ್ಲಿಯೂ ಮಾನ್ಯನು. ಈ ಗುಣವು ಬಹುಕಾಲ ಮನುಷ್ಯನ ಸ್ವಂತ ಸಂಪಾದನೆಯಾಗಿದ್ದಿತು. ಅವನು ಅದನ್ನು ತನಗೆ ತೋರಿದವರಿಗೆ ತೋರಿದಷ್ಟು ಕೊಡುತ್ತಿದ್ದನು. ಅದಕ್ಕೆ ಕ್ರಯ ಕಟ್ಟುವವರು ವಿರಳವಾಗಿದ್ದರು. ನಮ್ಮ ಕಾಲದಲ್ಲಾದರೋ ತಾಳ್ಮೆಯನ್ನೇ ಮುಖ್ಯ ಸರಕಾಗಿ ಮಾಡಿಕೊಂಡು, ತಿಂಗಳಿಗಿಷ್ಟು ಸಂಬಳವೆಂದು ಅದನ್ನು ಕೊಂಡು, ನಿಮಿಷದ ಲೆಕ್ಕದಲ್ಲಿ ಒದಗಿಸುವ ಉದ್ಯಮವೊಂದು ಬೆಳೆದು ನಿಂತಿದೆ. ಕಾಲ್ ಸೆಂಟರ್ ಎಂದು ಅದರ ಹೆಸರು. ಹೀಗೆ ಕ್ರಯಕ್ಕೆ ಬಂದ ತಾಳ್ಮೆಗೆ ಮಿತಿಯುಂಟೆ? ಉಂಟಾದರೆ ಆ ಮಿತಿಯನ್ನು ಹೇಳತಕ್ಕವರು ಯಾರು: ಕೊಂಡವರೆ, ಮಾರಿದವರೆ, ಅಥವಾ ಮಾರಿದವರೆಲ್ಲ ಕೂಡಿ ಕಟ್ಟಿಕೊಂಡ ಸಂಘವೆ? ಈ ಪ್ರಶ್ನೆಯನ್ನು ವಾಚಕರೊಡನೆ ಕುಳಿತು ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಇದು ಬೆಂಗಳೂರಿನವರ ಪ್ರಶ್ನೆ, ನಮ್ಮ ಸೀಮೆಗೇಕೆ ಎಂದು ಯಾರಾದರೂ ಕೇಳಿಯಾರು. ಕಡೂರು, ಬೀರೂರು, ಅಜ್ಜಂಪುರಗಳು ಬೆಂಗಳೂರು-ಹುಬ್ಬಳ್ಳಿ ರೈಲುದಾರಿಯ ಮೇಲಿವೆ. ತರೀಕೆರೆಯು ಬೀರೂರಿನಿಂದ ಶಿವಮೊಗ್ಗೆಗೆ ಒಡೆದ ದಾರಿಯಲ್ಲಿದೆ. ತೆಂಗು ಸೊರಗಿದ ವರ್ಷ, ಈರುಳ್ಳಿಯ ದರ ಬಿದ್ದ ವರ್ಷ, ಈ ನಿಲ್ದಾಣಗಳಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತ ತರುಣ ತರುಣಿಯರನ್ನು ಎಲ್ಲರೂ ಕಂಡಿರುತ್ತಾರೆ. ಪದವಿ ಮುಗಿಸಿದ, ಕನ್ನಡವನ್ನು ಚೆನ್ನಾಗಿ ಬಲ್ಲ, ಇಂಗ್ಲಿಷು ಹಿಂದಿಗಳನ್ನು ತಕ್ಕಮಟ್ಟಿಗೆ ಆಡಬಲ್ಲ ಮಕ್ಕಳಿಗೆ ರಾಜಧಾನಿಯಲ್ಲಿ ಬೇಗನೆ ದೊರೆಯುವ ಕೆಲಸಗಳಲ್ಲಿ ಇದೊಂದು. ಅದಂತಿರಲಿ; ಕರೆಮಾಡುವವರೂ ನಾವೇ ಅಲ್ಲವೆ? ಆಷಾಢದ ಗಾಳಿಗೆ ವಿದ್ಯುತ್ತಿನ ತಂತಿ ಹರಿದರೆ ೧೯೧೨ನ್ನು ಒತ್ತುತ್ತೇವೆ, ಎದೆನೋವು ಬಂದರೆ ೧೦೮ನ್ನು. ಬ್ಯಾಂಕಿನ ಹಣ ಕಾಣೆಯಾದರೂ ಗ್ಯಾಸಿನ ಸಿಲಿಂಡರು ಬರದೆಹೋದರೂ ಮತ್ತಾವುದೋ ನಂಬರು. ತಂತಿಯ ಒಂದು ತುದಿಯಲ್ಲಿ ನಮ್ಮ ಅವಸರ, ಇನ್ನೊಂದು ತುದಿಯಲ್ಲಿ ನಮ್ಮಂಥವರ ಮನೆಯ ಮಕ್ಕಳ ಕಿವಿ. ಆದುದರಿಂದ ಈ ಪ್ರಶ್ನೆಯು ಎರಡು ಕಡೆಯಿಂದಲೂ ನಮ್ಮದೇ ಆಗಿರುತ್ತದೆ.

ಕೆಲಸದ ಕ್ರಮವನ್ನು ಮೊದಲು ತಿಳಿಯಬೇಕು. ಹೆಡ್‌ಸೆಟ್ಟು ತೊಟ್ಟು ಕುಳಿತವನಿಗೆ ಕರೆಯನ್ನು ಎತ್ತುವ ಬಿಡುವ ಆಯ್ಕೆಯಿಲ್ಲ. ಒಂದು ಮುಗಿದೊಡನೆ ಇನ್ನೊಂದನ್ನು ಯಂತ್ರವೇ ಅವನ ಕಿವಿಗೆ ತಂದು ಮುಟ್ಟಿಸುತ್ತದೆ. ಒಂದೊಂದು ಕರೆಗೆ ಸರಾಸರಿ ಎಷ್ಟು ಕಾಲ ಹಿಡಿಯಿತು, ಎರಡು ಕರೆಗಳ ನಡುವೆ ಎಷ್ಟು ಸೆಕೆಂಡು ಕಳೆಯಿತು, ನೀರು ಕುಡಿಯಲು ಎದ್ದವನು ಎಷ್ಟು ಹೊತ್ತಿಗೆ ಮರಳಿದನು, ಇವೆಲ್ಲವೂ ಲೆಕ್ಕಕ್ಕೆ ಏರುತ್ತವೆ. ಕರೆಗಳನ್ನು ಧ್ವನಿಮುದ್ರಣ ಮಾಡಿಟ್ಟು, ಅವುಗಳಲ್ಲಿ ಕೆಲವನ್ನು ಆರಿಸಿ ಕೇಳಿ, ಮಾತಿನ ಮೃದುತ್ವಕ್ಕೆ ಅಂಕ ಹಾಕುವವರು ಬೇರೆ ಇರುತ್ತಾರೆ. ಹೀಗಾಗಿ ಕೆಲಸಗಾರನಿಗೆ ಏಕಕಾಲದಲ್ಲಿ ಎರಡು ಅಪ್ಪಣೆ: ಬೇಗ ಮುಗಿಸು, ಆದರೆ ಅವಸರವನ್ನು ತೋರಬೇಡ. ಒಂದನ್ನು ನಡೆಸಿದರೆ ಇನ್ನೊಂದು ಮುರಿಯುತ್ತದೆ. ಬೈಗುಳವನ್ನು ಕೇಳಿಯೂ ನಗುವಿನ ದನಿಯಲ್ಲಿ ಉತ್ತರ ಕೊಡಬೇಕು. ಕೊಟ್ಟ ಮರುಗಳಿಗೆಯಲ್ಲಿ, ಬೈದವನ ದನಿ ಕಿವಿಯಿಂದ ಆರುವ ಮುನ್ನವೇ, ಬೇರೊಬ್ಬನಿಗೆ ನಮಸ್ಕಾರ ಹೇಳಬೇಕು. ಆರ್ಲಿ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ೧೯೮೩ರಲ್ಲಿ ವಿಮಾನದ ಪರಿಚಾರಕಿಯರನ್ನು ಕುರಿತು ಬರೆಯುತ್ತ, ಸಂಬಳಕ್ಕಾಗಿ ಮನೋಭಾವವನ್ನೇ ಹದಗೊಳಿಸಿಕೊಳ್ಳಬೇಕಾದ ದುಡಿಮೆಯೊಂದು ಉಂಟೆಂದು ತೋರಿಸಿಕೊಟ್ಟರು. ಮುಖವನ್ನು ಕಾಣದೆ ಬರಿಯ ದನಿಯಿಂದಲೇ ಅದನ್ನು ನಡೆಸಬೇಕಾಗಿ ಬಂದಾಗ ಅದರ ಕಷ್ಟ ಇನ್ನೂ ಹೆಚ್ಚು.

ಮೂಟೆ ಹೊರುವವನ ಹೊರೆಯನ್ನು ತಕ್ಕಡಿಯಲ್ಲಿಡಬಹುದು. ಇವರ ಹೊರೆಯನ್ನು ಎಲ್ಲಿಡುವುದು? ಕಣ್ಣಿಗೆ ಕಾಣದ ಹೊರೆಯಾದುದರಿಂದ ಅದು ಹೊರೆಯೇ ಅಲ್ಲವೆಂಬ ಭಾವನೆ ಹಲವರಲ್ಲಿದೆ. ತಣ್ಣಗಿನ ಕೋಣೆ, ಮೆತ್ತನೆಯ ಕುರ್ಚಿ, ಮಾತಾಡುವುದಷ್ಟೇ ಕೆಲಸ. ಇದರಲ್ಲಿ ಆಯಾಸವೇನು ಎಂದು ಗದ್ದೆಯಲ್ಲಿ ದುಡಿದ ತಂದೆ ಕೇಳಿದರೆ ಅವನನ್ನು ದೂರುವಂತಿಲ್ಲ. ಅವನಿಗೆ ತಿಳಿದಿರುವ ಒಂದು ದೃಷ್ಟಾಂತದಿಂದಲೇ ಇದನ್ನು ಹೇಳಬೇಕು.

ಅಜ್ಜಂಪುರವು ಅಮೃತಮಹಲ್ ದನಗಳ ಊರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನ್ನಿಸಿಕೊಂಡಿದ್ದು, ಮುಂದೆ ಹೈದರ್ ಟಿಪ್ಪುಗಳ ತೋಪಿನ ಗಾಡಿಗಳನ್ನೆಳೆದ ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಅಲ್ಲಿದೆ. ಎತ್ತನ್ನು ಸಾಕಿದವರು ಹೊರೆಯನ್ನು ಬಲ್ಲರು. ಎತ್ತು ಬಾಯಿಬಿಟ್ಟು ಹೇಳಲಾರದು. ಆದರೂ ನೊಗದ ಕೆಳಗಿನ ಬಾವನ್ನು, ಮೇವಿನ ಮುಂದೆ ಸುಮ್ಮನೆ ನಿಂತ ಬಗೆಯನ್ನು ನೋಡಿಯೇ ಗಾಡಿಯನ್ನು ಇಳಿಸುತ್ತಿದ್ದರು. ಈ ವಿವೇಕವನ್ನು ಸ್ವತಂತ್ರ ಭಾರತದ ಸರ್ಕಾರವು ೧೯೬೫ರಲ್ಲಿ ನಿಯಮಗಳ ರೂಪದಲ್ಲಿ ಬರೆದಿಟ್ಟಿತು. ಗಾಡಿಯೆಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು ೯ ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ ೫ ಗಂಟೆಗಿಂತ ಹೆಚ್ಚು ನಡೆಸಬಾರದು. ಉಷ್ಣವು ೩೭ ಡಿಗ್ರಿಯನ್ನು ಮೀರುವ ಕಡೆ ನಡುಹಗಲು ೧೨ರಿಂದ ೩ರವರೆಗೆ ಹೂಡಬಾರದು. ಎತ್ತಿನ ಗಾತ್ರವನ್ನೂ ಗಾಲಿಯ ಬಗೆಯನ್ನೂ ನೋಡಿ ಹೊರೆಯ ತೂಕವನ್ನು ಗೊತ್ತುಮಾಡಿದರು. ಇನ್ನೂ ಒಂದು ಸೂಕ್ಷ್ಮ ಆ ನಿಯಮಗಳಲ್ಲುಂಟು: ದಾರಿಯು ಬಹುದೂರ ಕಡಿದಾಗಿ ಏರುವುದಾದರೆ ಆ ತೂಕವನ್ನು ಅರ್ಧಕ್ಕೆ ಇಳಿಸತಕ್ಕದ್ದು.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ೧೯೬೧ರಲ್ಲಿ ಆದದ್ದು. ಅದು ಹಾಕಿದ ಮಿತಿಯೂ ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ; ೫ ಗಂಟೆಯ ದುಡಿಮೆಯಾದೊಡನೆ ಒಂದು ಗಂಟೆಯ ವಿರಾಮ. ಗುಮಾಸ್ತನಿಗೂ ಎತ್ತಿಗೂ ಗಂಟೆಗಳು ಒಂದೇ ಆದುವೆಂದು ನಗಬಹುದು. ನನಗೆ ಅದರಲ್ಲಿ ಅವಮಾನವೇನೂ ತೋರುವುದಿಲ್ಲ. ಉಸಿರಾಡುವ ದೇಹಗಳಿಗೆ ಆಯಾಸ ಸಮಾನ. ವ್ಯತ್ಯಾಸವಿರುವುದು ಬೇರೆ ಕಡೆ. ಎತ್ತಿನ ನಿಯಮಕ್ಕೆ ಏರುದಾರಿಯ ಅರಿವಿದೆ. ಕಾಲ್ ಸೆಂಟರಿನ ಲೆಕ್ಕಕ್ಕೆ ಆ ಅರಿವು ಇಲ್ಲವೆನ್ನುವಷ್ಟು ಕಡಮೆ. ವಿಳಾಸ ಬದಲಿಸಿಕೊಂಡವನ ಕರೆಯೂ ಒಂದು ಕರೆ, ಮಗಳ ಮದುವೆಯ ಹಣವನ್ನು ಮೋಸಗಾರರಿಗೆ ಕಳೆದುಕೊಂಡು ಅಳುತ್ತಿರುವವಳ ಕರೆಯೂ ಒಂದು ಕರೆ. ಎರಡನ್ನೂ ಸರಾಸರಿಯೆಂಬ ಒಂದೇ ಗಾಡಿಯಲ್ಲಿ ಹೇರುತ್ತಾರೆ. ಎರಡನೆಯವಳೊಡನೆ ಹತ್ತು ನಿಮಿಷ ಮಾತಾಡಿದವನು ಮುಂದಿನ ಮೂವರೊಡನೆ ಅಷ್ಟನ್ನು ಕಡಿತಮಾಡಿಕೊಂಡು ಲೆಕ್ಕವನ್ನು ಸರಿದೂಗಿಸಬೇಕು.

ಹೊರೆಯು ಹೇಗೆ ಹುಟ್ಟುತ್ತದೆಂಬುದನ್ನು ತುಸು ಗಣಿತದ ಮೂಲಕ ನೋಡೋಣ. ವಾಚಕರು ಬೇಸರಿಸಬಾರದು, ಏಕೆಂದರೆ ಪ್ರಶ್ನೆಯ ಜೀವಾಳವಿರುವುದು ಇಲ್ಲಿಯೇ. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪೆನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಡೇನಿಷ್ ಗಣಿತಜ್ಞನು ೧೯೦೯ರಲ್ಲಿಯೂ ೧೯೧೭ರಲ್ಲಿಯೂ ಪ್ರಕಟಿಸಿದ ಬರಹಗಳಲ್ಲಿ, ಕರೆಗಳು ಎಷ್ಟು ಬಂದರೆ ಎಷ್ಟು ಜನ ಬೇಕು, ಕಾಯುವವರು ಎಷ್ಟು ಕಾಯಬೇಕಾದೀತು ಎಂಬುದಕ್ಕೆ ಸೂತ್ರಗಳನ್ನು ಕೊಟ್ಟನು. ನೂರು ವರ್ಷ ಕಳೆದರೂ ಕಾಲ್ ಸೆಂಟರುಗಳ ಲೆಕ್ಕಕ್ಕೆ ಅವೇ ತಳಹದಿ. ಒಂದು ಉದಾಹರಣೆ ಕೊಡುತ್ತೇನೆ. ಗಂಟೆಗೆ ೧೦೦ ಕರೆಗಳು ಬರುತ್ತವೆನ್ನಿ. ಒಂದೊಂದಕ್ಕೆ ೬ ನಿಮಿಷ. ಒಟ್ಟು ೬೦೦ ನಿಮಿಷಗಳ ಕೆಲಸ. ಹತ್ತು ಜನ ಕುಳಿತರೆ ಸರಿಹೋಯಿತೆಂದು ಮನಸ್ಸಿಗೆ ತೋರುತ್ತದೆ. ಸರಿಹೋಗುವುದಿಲ್ಲ. ಕರೆಗಳು ಸಾಲಾಗಿ ಬರುವುದಿಲ್ಲ. ಸಂತೆಗೆ ಜನ ಬರುವಂತೆ ಒಮ್ಮೆ ಗುಂಪಾಗಿ, ಒಮ್ಮೆ ವಿರಳವಾಗಿ ಬರುತ್ತವೆ. ವಿರಳವಾದಾಗ ವ್ಯರ್ಥವಾದ ನಿಮಿಷವನ್ನು ಗುಂಪಾದಾಗ ಮರಳಿ ಪಡೆಯಲಾಗದು. ಆದುದರಿಂದ ಹತ್ತು ಜನರಿದ್ದರೆ ಕಾಯುವವರ ಸಾಲು ದಿನವಿಡೀ ಬೆಳೆಯುತ್ತಲೇ ಹೋಗುತ್ತದೆ. ಹನ್ನೊಂದು ಜನರಿದ್ದರೆ ಸಾಲು ನಿಲ್ಲುತ್ತದೆ. ಆದರೆ ಕರೆಮಾಡಿದವನು ಸರಾಸರಿ ನಾಲ್ಕು ನಿಮಿಷ ಕಾಯಬೇಕು, ಉತ್ತರ ಕೊಡುವವನಿಗೆ ಗಂಟೆಯಲ್ಲಿ ಐದೂವರೆ ನಿಮಿಷ ಮಾತ್ರ ಉಸಿರಾಡಲು ದೊರೆಯುತ್ತದೆ. ಹದಿಮೂರಾದರೆ ಕಾಯುವಿಕೆ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಹದಿನಾಲ್ಕಾದರೆ ಕಾಲು ನಿಮಿಷ. ಆಗ ಕೆಲಸಗಾರನಿಗೆ ಗಂಟೆಗೆ ೧೭ ನಿಮಿಷಗಳ ಬಿಡುವು ಅಲ್ಲಿಷ್ಟು ಇಲ್ಲಿಷ್ಟಾಗಿ ಸಿಗುತ್ತದೆ.

ಹನ್ನೊಂದಕ್ಕೂ ಹದಿನಾಲ್ಕಕ್ಕೂ ನಡುವೆ ಇರುವುದು ಮೂರು ಸಂಬಳ. ಆ ಮೂರು ಸಂಬಳವನ್ನು ಉಳಿಸಿದವನಿಗೆ ಹದಿನೇಳು ನಿಮಿಷದ ಬಿಡುವು ಸೋಮಾರಿತನವಾಗಿ ಕಾಣುತ್ತದೆ. ಅವನು ಉಳಿಸಿದ ಹಣವನ್ನು ಕಟ್ಟುವವರಾದರೋ ಇಬ್ಬರು: ನಾಲ್ಕು ನಿಮಿಷ ಸಂಗೀತ ಕೇಳುತ್ತ ಕಾದು ಕೆರಳಿದವನು ಒಬ್ಬನು, ಆ ಕೆರಳಿದವನ ಮಾತನ್ನು ಬಿಡುವಿಲ್ಲದ ಕಿವಿಯಿಂದ ಕೇಳಬೇಕಾದವನು ಇನ್ನೊಬ್ಬನು. ಒಬ್ಬರ ಮುಖವನ್ನೊಬ್ಬರು ಕಾಣದ ಇವರಿಬ್ಬರೂ ಪರಸ್ಪರ ಬೇಸರಗೊಂಡು, ಈ ಕಾಲದಲ್ಲಿ ಸೌಜನ್ಯವೇ ಇಲ್ಲವೆಂದು ಇಬ್ಬರೂ ನಂಬುತ್ತಾರೆ. ಕುರ್ಚಿಗಳ ಸಂಖ್ಯೆಯನ್ನು ನಿಶ್ಚಯಿಸಿದ ಮೂರನೆಯವನು ಈ ಜಗಳದಲ್ಲಿ ಎಲ್ಲಿಯೂ ಇಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ಕಟ್ಟಿಸಿದವರು ನೀರು ಮಿತಿಮೀರಿದರೆ ಹರಿದುಹೋಗಲೆಂದು ಕೋಡಿಯನ್ನೂ ಇಟ್ಟರು. ಇಡದಿದ್ದರೆ ಒಡೆದ ಏರಿಗೆ ಮಳೆಯನ್ನು ಯಾರೂ ಹೊಣೆಮಾಡುತ್ತಿರಲಿಲ್ಲ. ಹನ್ನೊಂದು ಕುರ್ಚಿಯ ಕೋಣೆಗೆ ಕೋಡಿಯಿಲ್ಲ. ಅಲ್ಲಿ ಕೆಲಸಗಾರನ ತಾಳ್ಮೆಯೇ ಕೋಡಿಯ ಕೆಲಸವನ್ನು ಮಾಡಬೇಕಾಗಿದೆ.

ಇಲ್ಲಿ ತಾಳ್ಮೆಯೆಂಬ ಶಬ್ದವನ್ನು ಬಿಡಿಸಿ ನೋಡಬೇಕು. ಕರೆಮಾಡಿದವನ ಅಜ್ಞಾನವನ್ನೋ ಸಂಕಟವನ್ನೋ ಅರಿತು ಅವನೊಡನೆ ಸಮಾಧಾನದಿಂದಿರುವುದು ಒಂದು ಬಗೆಯ ತಾಳ್ಮೆ. ಇದು ಗುಣವೇ ಸರಿ. ಇದನ್ನು ಸಂಬಳಕ್ಕೆ ಕೊಟ್ಟ ಮಾತ್ರಕ್ಕೆ ಅದರ ಗುಣತ್ವ ಹೋಗದು. ವೈದ್ಯನೂ ಉಪಾಧ್ಯಾಯನೂ ಸಂಬಳಕ್ಕೆ ಕೊಡುವುದು ಇದನ್ನೇ. ಮೂರು ಜನರ ಕೊರತೆಯನ್ನು ಕಾಣದಂತೆ ಮುಚ್ಚಿಹಾಕಲು ಹನ್ನೊಂದು ಜನರು ತಮ್ಮ ದನಿಯನ್ನು ಬಿಗಿಹಿಡಿದುಕೊಂಡಿರುವುದು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ ತರಹ; ದನಿಮುದ್ರಣವನ್ನು ಕೇಳಿ ಅಂಕ ಹಾಕುವವನಿಗೆ ಭೇದ ತಿಳಿಯದು. ಆದರೆ ಮೊದಲನೆಯದು ಕೇಳುವವನಿಗೆ ಕೊಟ್ಟ ಉಪಕಾರ. ಎರಡನೆಯದು ಮಾಲೀಕನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ, ಕೊಟ್ಟವರಿಗೆ ತಾವು ಕೊಟ್ಟೆವೆಂಬುದೇ ತಿಳಿಯದ ಸಾಲ.

ಪುರಾಣದಲ್ಲಿ ಇದಕ್ಕೆ ಹತ್ತಿರದ ಕಥೆಯೊಂದುಂಟು. ಪರಶುರಾಮನು ಕರ್ಣನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವಾಗ ಹುಳುವೊಂದು ಆ ತೊಡೆಯನ್ನು ಕೊರೆಯಿತು. ಗುರುವಿನ ನಿದ್ರೆ ಕೆಟ್ಟೀತೆಂದು ಕರ್ಣನು ಅಲುಗಲಿಲ್ಲ. ನೆತ್ತರು ಮುಟ್ಟಿ ಎಚ್ಚತ್ತ ಗುರುವು ಶಿಷ್ಯನನ್ನು ತಬ್ಬಿಕೊಂಡನೆ? ಇಲ್ಲ, ಇಷ್ಟು ಸಹಿಸಬಲ್ಲವನು ಬ್ರಾಹ್ಮಣನಾಗಿರಲಾರನೆಂದು ಶಂಕಿಸಿ ಶಾಪವನ್ನು ಕೊಟ್ಟನು. ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಕರ್ಣನ ಸುಳ್ಳಿನ ಮೇಲೆ ದೃಷ್ಟಿಯಿಡುತ್ತೇವೆ. ಆ ತಾಳ್ಮೆಗೆ ಬಂದ ಬೆಲೆಯನ್ನು ಕುರಿತು ಅಷ್ಟಾಗಿ ಯೋಚಿಸುವುದಿಲ್ಲ. ಕಾಲ್ ಸೆಂಟರುಗಳಲ್ಲಿಯೂ ಹೀಗೆಯೇ. ಅತಿಯಾಗಿ ಹೊತ್ತವನ ಮುಂದಿನ ತಿಂಗಳ ಗುರಿ ಆ ಹೊತ್ತ ಮಟ್ಟದಿಂದಲೇ ಆರಂಭವಾಗುತ್ತದೆ.

ಹಾಗಾದರೆ ಹೊರಲಾರದವನು ಒಲ್ಲೆನೆನ್ನಲಿ, ಬೇಡವೆನ್ನುವವರಾರು ಎಂಬುದು ಸಹಜವಾದ ಮಾತು. ಇದನ್ನು ಪರೀಕ್ಷಿಸೋಣ. ಒಬ್ಬನು ಒಲ್ಲೆನೆನ್ನುವುದು ಹೇಗೆ? ಕರೆಯನ್ನು ಕತ್ತರಿಸಬಹುದು, ಆಗ ಪೆಟ್ಟು ಬೀಳುವುದು ಕಾದು ಕಾದು ತನ್ನ ಸರದಿಯನ್ನು ಪಡೆದ ನಿರಪರಾಧಿಗೆ. ಮೈಯಲ್ಲಿ ಸರಿಯಿಲ್ಲವೆಂದು ರಜೆ ಹಾಕಬಹುದು. ಆಗ ಹನ್ನೊಂದು ಹತ್ತಾಗುತ್ತದೆ, ಹತ್ತಾದರೆ ಸಾಲಿಗೆ ಕೊನೆಯಿಲ್ಲವೆಂಬುದನ್ನು ಮೇಲೆ ಕಂಡೆವು. ಪೆಟ್ಟು ಪಕ್ಕದ ಕುರ್ಚಿಯವನಿಗೆ. ಕೆಲಸವನ್ನೇ ಬಿಡಬಹುದು. ಈ ಉದ್ಯಮದಲ್ಲಿ ಬಿಟ್ಟುಹೋಗುವವರ ಸಂಖ್ಯೆ ಬಹಳವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಬಿಟ್ಟವನ ಪಾಲಿನ ಕರೆಗಳು ಅವನೊಡನೆ ಹೋಗುವುದಿಲ್ಲ, ಉಳಿದವರ ತಲೆಗೆ ಬರುತ್ತವೆ. ಒಂಟಿಯಾಗಿ ಒಲ್ಲೆನೆನ್ನುವ ಯಾವ ದಾರಿಯನ್ನು ಹಿಡಿದರೂ ಪೆಟ್ಟು ಹೊಣೆಗಾರನನ್ನು ಮುಟ್ಟುವುದಿಲ್ಲ. ತನ್ನಂತೆಯೇ ನೊಂದವರನ್ನು ಮುಟ್ಟುತ್ತದೆ. ಇದೇ ಈ ಉದ್ಯೋಗದ ಧರ್ಮಸಂಕಟ. ಒಳ್ಳೆಯ ಮನಸ್ಸಿನ ಹುಡುಗಿಯು ಇದನ್ನರಿತೇ ಹೊರುತ್ತ ಹೋಗುತ್ತಾಳೆ. ಅವಳ ಸಂಬಳಕ್ಕಿಂತ ಅವಳ ಒಳ್ಳೆಯತನವೇ ಅವಳನ್ನು ಕುರ್ಚಿಗೆ ಬಿಗಿಯಾಗಿ ಕಟ್ಟುತ್ತದೆ.

ಕಾರ್ಮಿಕ ಸಂಘಕ್ಕೆ ನೈತಿಕವಾದ ಆಧಾರವು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಸಂಘವನ್ನು ಸಾಮಾನ್ಯವಾಗಿ ಬಲದ ಭಾಷೆಯಲ್ಲಿ ಸಮರ್ಥಿಸುವುದುಂಟು: ಒಬ್ಬನು ದುರ್ಬಲ, ನೂರು ಜನ ಪ್ರಬಲ. ಅದು ನಿಜವಾದರೂ ಪೂರ್ತಿಯಾದ ಕಾರಣವಲ್ಲ. ಬಲಕ್ಕೆ ಬಲವೆಂಬುದು ಧರ್ಮದ ಮಾತಾಗದು. ಒಲ್ಲೆನೆಂಬ ಮಾತನ್ನು ಅದನ್ನು ಕೇಳತಕ್ಕ ಕಿವಿಗೇ ಮುಟ್ಟಿಸುವ ಉಪಾಯ ಸಂಘವಲ್ಲದೆ ಬೇರೊಂದಿಲ್ಲ. ಹನ್ನೊಂದು ಜನರೂ ಕೂಡಿ, ಕರೆಗಳನ್ನು ಎತ್ತುತ್ತಲೇ, ಹದಿನಾಲ್ಕು ಕುರ್ಚಿ ಬೇಕೆಂದು ಕೇಳಿದರೆ ಕರೆಮಾಡಿದವನಿಗೂ ಅನ್ಯಾಯವಿಲ್ಲ, ಜೊತೆಗಾರನಿಗೂ ಅನ್ಯಾಯವಿಲ್ಲ.

ಒಂದು ಕಾಲದಲ್ಲಿ ನ್ಯಾಯಸ್ಥಾನಗಳು ಇದನ್ನು ತಲೆಕೆಳಗಾಗಿ ನೋಡಿದ್ದುವು. ೧೯೧೮ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದರಾಸಿನ ಗಿರಣಿಯ ಕೆಲಸಗಾರರು ಲೇಬರ್ ಯೂನಿಯನ್ ಕಟ್ಟಿದರು. ಅವರ ಮೊದಲ ದೂರುಗಳಲ್ಲಿ ಒಂದು, ನಡುಹಗಲಿನ ಊಟಕ್ಕೆ ಕೊಟ್ಟ ವೇಳೆ ಸಾಲದೆಂಬುದು. ಗಿರಣಿಯ ಕಂಪೆನಿಯು ವಾಡಿಯಾ ಅವರ ಮೇಲೆ ದಾವೆ ಹೂಡಿತು. ಕೆಲಸಗಾರರು ಕರಾರನ್ನು ಮುರಿಯುವಂತೆ ಪ್ರೇರಿಸಿದರೆಂಬುದು ಆರೋಪ. ಒಬ್ಬೊಬ್ಬನಾಗಿ ಕೆಲಸ ಬಿಡುವುದು ಸ್ವಾತಂತ್ರ್ಯ, ಕೂಡಿ ಬಿಡುವುದು ಒಳಸಂಚು ಎಂಬ ಈ ವಿಚಿತ್ರ ತರ್ಕವನ್ನು ೧೯೨೬ರ ಟ್ರೇಡ್ ಯೂನಿಯನ್ ಕಾಯಿದೆಯು ಬಹುಮಟ್ಟಿಗೆ ಕಳೆಯಿತು. ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದೆಂದು ಆ ಕಾಯಿದೆ ಹೇಳಿತು.

ಕಾಲ್ ಸೆಂಟರಿನವರಿಗೆ ಈ ದಾರಿ ತೆರೆಯಲು ತಡವಾಯಿತು. ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡ ಯುನೈಟ್ಸ್ ಎಂಬ ಸಂಘವು ಹೊರದೇಶದ ಕಾರ್ಮಿಕ ಒಕ್ಕೂಟದ ನೆರವಿನಿಂದ ಹುಟ್ಟಿದ್ದು ೨೦೦೫ರಲ್ಲಿ. ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘವು ೨೦೧೭ರಲ್ಲಿ ನೋಂದಣಿಯಾಯಿತು. ಈ ನಡುವೆ ಸರ್ಕಾರವು ೨೦೧೪ರಲ್ಲಿ ಈ ಉದ್ಯಮಗಳಿಗೆ ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಐದು ವರ್ಷ ವಿನಾಯಿತಿ ಕೊಟ್ಟು, ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಅದನ್ನು ಮುಂದುವರಿಸಿತು. ಪಾಳಿ, ರಜೆ, ಶಿಕ್ಷೆ, ವಜಾ ಮುಂತಾದ ಷರತ್ತುಗಳನ್ನು ಬರೆದು ಅಧಿಕಾರಿಯಿಂದ ಪ್ರಮಾಣೀಕರಿಸಿಕೊಳ್ಳಬೇಕೆಂಬುದು ಆ ಕಾಯಿದೆಯ ಸಾರ. ೨೦೨೪ರ ಜುಲೈ ತಿಂಗಳಲ್ಲಿ, ಈ ಕೆಲಸಗಳಲ್ಲಿ ದಿನಕ್ಕೆ ೧೨ ಗಂಟೆಯನ್ನು ಮೀರಿ ದುಡಿಸಲು, ಮೂರು ತಿಂಗಳಿಗೆ ೧೨೫ ಗಂಟೆಯವರೆಗೆ ಹೆಚ್ಚುವರಿ ದುಡಿಮೆ ಪಡೆಯಲು ಅವಕಾಶವಾಗುವಂತೆ ೧೯೬೧ರ ಕಾಯಿದೆಯನ್ನು ತಿದ್ದುವ ಪ್ರಸ್ತಾಪ ಬಂದಿತು. ಇದು ೧೪ ಗಂಟೆಯ ದಿನವೇ ಆಗುವುದೆಂದು ನೌಕರರ ಸಂಘವು ಎದುರಿಸಿತು. ಆ ವರ್ಷ ಅದು ಕಾಯಿದೆಯಾಗಲಿಲ್ಲ. ಎತ್ತಿಗೆ ೯ ಗಂಟೆಯೆಂದು ಬರೆದ ನಾಡಿನಲ್ಲಿ ಈ ಚರ್ಚೆ ನಡೆಯಿತೆಂಬುದನ್ನು ಮುಂದಿನವರು ನಂಬುವರೋ ಇಲ್ಲವೋ! ೨೦೨೫ರ ನವೆಂಬರ್ ೨೧ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ೧೯೨೬ರ, ೧೯೪೬ರ ಕಾಯಿದೆಗಳ ಸ್ಥಾನವನ್ನು ಹಿಡಿದುವು. ಸಂಘ ಕಟ್ಟಲು ಏಳು ಜನ ಬೇಕೆಂಬುದು ಅಲ್ಲಿಯೂ ಉಳಿದುಬಂದಿದೆ.

ಆಕ್ಷೇಪಣೆಗಳಿಗೆ ಬರೋಣ. ಒಪ್ಪಿ ಹೋದವರಲ್ಲವೆ, ಊರಿನಲ್ಲಿ ಸಿಗದ ಸಂಬಳ ಅಲ್ಲಿ ಸಿಗುವುದಿಲ್ಲವೆ ಎಂಬುದು ಎಲ್ಲಕ್ಕಿಂತ ಪ್ರಬಲವಾದದ್ದು. ಒಪ್ಪಿದ್ದು ನಿಜ. ಒಪ್ಪಿದ್ದು ಕೆಲಸವನ್ನು, ಹನ್ನೊಂದು ಕುರ್ಚಿಯೆಂಬ ಸಂಗತಿಯನ್ನು ಒಪ್ಪಂದದ ಕಾಗದದಲ್ಲಿ ಯಾರೂ ತೋರಿಸಿರಲಿಲ್ಲ. ದುಡಿಮೆಯನ್ನು ಪೂಜೆಯೆಂದು ಬಗೆದ ಶರಣರ ಪರಂಪರೆಯನ್ನು ಇಲ್ಲಿ ಕೆಲವರು ಎಳೆತರುವುದುಂಟು. ಕಾಯಕವೆಂದ ಮೇಲೆ ಗಂಟೆಯ ಲೆಕ್ಕವೇಕೆ ಎಂದು ಕೇಳುತ್ತಾರೆ. ಅವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆತಂತಿದೆ. ಗಂಡ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಆಕೆ. ಕಾಯಕಕ್ಕೆ ಇಷ್ಟೆಂಬ ಅಳತೆಯಿದೆಯೆಂದು, ಅಳತೆ ಮೀರಿದ್ದು ಆಸೆಯೆಂದು ಕಂಡವರ ಮಾತನ್ನು ಅಳತೆಯಿಲ್ಲದ ದುಡಿಮೆಗೆ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ಹೆಚ್ಚು ಕೇಳಿದರೆ ಕೆಲಸವೇ ಬೇರೆ ದೇಶಕ್ಕೆ ಹೋದೀತು, ಇಲ್ಲವೆ ಯಂತ್ರಕ್ಕೆ ಹೋದೀತು ಎಂದು ಹೆದರಿಸುವವರಿದ್ದಾರೆ. ಹೋದರೂ ಹೋಗಬಹುದು, ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಕಡೂರಿನ ರೈತನೊಡನೆ ಅವನ ಕನ್ನಡದಲ್ಲಿ ಮಾತಾಡುವ ಕೆಲಸ ಮನಿಲಾಕ್ಕೆ ಹೋಗಲಾರದು. ಇನ್ನು ಮಾತಾಡುವ ಯಂತ್ರಗಳು ಬಂದಿವೆ. ಅವು ಸುಲಭದ ಕರೆಗಳನ್ನೆಲ್ಲ ತಾವೇ ಮುಗಿಸಿ, ತಮಗೆ ಬಗೆಹರಿಯದವನ್ನು ಮನುಷ್ಯನಿಗೆ ದಾಟಿಸುತ್ತವೆ. ಎಂದರೆ ಉಳಿದವನ ದಾರಿಯಲ್ಲಿ ಸಮತಟ್ಟೇ ಇಲ್ಲ, ಎಲ್ಲವೂ ಏರು. ಗಾಡಿಯ ಹೊರೆಯನ್ನು ಅರ್ಧಕ್ಕೆ ಇಳಿಸುವ ನಿಯಮವನ್ನು ಈಗಲೇ ಕೇಳದಿದ್ದರೆ ಇನ್ನಾವಾಗ ಕೇಳಬೇಕು?

ಮತ್ತೊಂದು ಅಡ್ಡಿ ಒಳಗಿನದು. ಈ ತರುಣರಿಗೆ ಎಕ್ಸಿಕ್ಯುಟಿವ್, ಅಸೋಸಿಯೇಟ್ ಎಂಬ ಬಿರುದುಗಳನ್ನು ಕೊಟ್ಟಿರುತ್ತಾರೆ. ಮಗನು ಆಫೀಸರಾದನೆಂದು ಊರಿನಲ್ಲಿ ಸಕ್ಕರೆ ಹಂಚಿಯಾಗಿದೆ. ಯೂನಿಯನ್ನೆಂದರೆ ಬಸ್ಸಿನ ಡಿಪೋದವರದು, ಕಾರ್ಖಾನೆಯವರದು. ಕಾನೂನು ಬಿರುದನ್ನು ನೋಡುವುದಿಲ್ಲ, ಮಾಡುವ ಕೆಲಸವನ್ನು ನೋಡುತ್ತದೆ. ನಮ್ಮವರು ಬಿರುದನ್ನೇ ನೋಡುತ್ತಾರೆ.

ಸಂಘವನ್ನು ಸಮರ್ಥಿಸಿದವನು ಅದರ ಹೊಣೆಯನ್ನೂ ಹೇಳಬೇಕು. ೧೦೮ನ್ನೋ ೧೧೨ನ್ನೋ ಒತ್ತಿದವನು ಸಂಘದ ವಾದವನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅವನ ಕರೆಯನ್ನು ಎತ್ತದೆ ಬಿಡುವ ಹಕ್ಕು ಯಾವ ಸಂಘಕ್ಕೂ ಇಲ್ಲವೆಂದೇ ನಾನು ಹೇಳುತ್ತೇನೆ. ಹಾಗೆ ಬಿಟ್ಟರೆ ಒಂಟಿಯಾಗಿ ಒಲ್ಲೆನೆಂದವನು ಮಾಡಿದ ಅನ್ಯಾಯವನ್ನೇ ನೂರು ಜನ ಕೂಡಿ ಮಾಡಿದಂತಾಗುತ್ತದೆ. ಅಂಥ ಕಡೆಗಳಲ್ಲಿ ಸಂಘವು ಕೇಳತಕ್ಕ ಮೊದಲ ವಸ್ತು ಸಂಬಳವಲ್ಲ, ಲೆಕ್ಕದ ಹಾಳೆ. ಗಂಟೆಗೆ ಕರೆಗಳೆಷ್ಟು, ಒಂದಕ್ಕೆ ನಿಮಿಷವೆಷ್ಟು, ಕುರ್ಚಿಗಳೆಷ್ಟು, ಕಾಯುವವರು ಕಾಯುವುದೆಷ್ಟು: ಈ ನಾಲ್ಕು ಅಂಕಿಗಳು ಇಂದು ಮಾಲೀಕನ ಗಣಕದಲ್ಲಿ ಕ್ಷಣಕ್ಷಣಕ್ಕೂ ಇರುತ್ತವೆ. ೨೦೧೪ರಲ್ಲಿ ವಿನಾಯಿತಿ ಕೊಟ್ಟಾಗ ಸರ್ಕಾರವು ಹಾಕಿದ ಷರತ್ತುಗಳಲ್ಲಿ, ಮಾಲೀಕರ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿ ಕೂಡುವ ಕುಂದುಕೊರತೆ ಸಮಿತಿಯೊಂದು ಇರಬೇಕೆಂಬುದೂ ಸೇರಿತ್ತು. ಅಂಥ ಸಮಿತಿಯ ಮೇಜಿನ ಮೇಲೆ ಆ ಹಾಳೆ ಬಂದರೆ ವಾದದ ಸ್ವರೂಪವೇ ಬದಲಾಗುತ್ತದೆ. ಸಾಕಷ್ಟು ಸೌಜನ್ಯವಿಲ್ಲವೆಂದು ಹುಡುಗಿಯೊಬ್ಬಳನ್ನು ಕರೆದು ಗದರಿಸುವ ಮೊದಲು, ಆ ದಿನ ಅವಳ ಸಾಲಿನಲ್ಲಿ ಎಷ್ಟು ಕುರ್ಚಿ ಖಾಲಿಯಿದ್ದುವೆಂದು ಯಾರಾದರೂ ಕೇಳಬೇಕಾಗುತ್ತದೆ.

ಕರೆಮಾಡುವ ನಮಗೂ ಈ ಹಾಳೆಯಲ್ಲಿ ಪಾಲುಂಟು. ನಮ್ಮ ಜಿಲ್ಲೆಗೆ ವಿದ್ಯುತ್ತನ್ನು ಒದಗಿಸುವ ಮೆಸ್ಕಾಂ ಸಂಸ್ಥೆಯು ದರವನ್ನು ಪರಿಷ್ಕರಿಸಬೇಕೆಂದು ಕೇಳಿದಾಗ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಅಲ್ಲಿಗೆ ಹೋಗುವ ನಮ್ಮವರು ಪಂಪುಸೆಟ್ಟಿನ ಮಾತನ್ನಾಡುತ್ತಾರೆ, ದರದ ಮಾತನ್ನಾಡುತ್ತಾರೆ, ಆಡಬೇಕಾದುದೇ. ಅದರೊಡನೆ, ಮಳೆಗಾಲದ ರಾತ್ರಿ ೧೯೧೨ರ ಕರೆಗಳನ್ನು ಎತ್ತಲು ಎಷ್ಟು ಜನರನ್ನು ಕೂರಿಸುತ್ತೀರಿ, ಬೇಸಗೆಯಲ್ಲೆಷ್ಟು, ಕಾಯುವ ಹೊತ್ತು ಸರಾಸರಿ ಎಷ್ಟು ಎಂಬ ಪ್ರಶ್ನೆಯನ್ನು ಬರಹದಲ್ಲಿ ಕೊಟ್ಟರೆ ಉತ್ತರ ಕೊಡುವುದು ಸಂಸ್ಥೆಗೆ ಅನಿವಾರ್ಯವಾದೀತು. ಗಾಳಿಮಳೆಯ ರಾತ್ರಿ ಕತ್ತಲೆಯಲ್ಲಿ ಕುಳಿತು, ಕೊನೆಗೂ ಫೋನೆತ್ತಿದ ಅಪರಿಚಿತ ದನಿಯ ಮೇಲೆ ನಾವು ಸುರಿಯುವ ಮಾತುಗಳು ಹೋಗಿ ಸೇರಬೇಕಾದ ವಿಳಾಸ ಅದು.